ಬೇಸಗೆಯ ನಟ್ಟಿಕಾಯಿ: ಬಾವಿಯ ನೀರು ನೋಡಿ ಬೀಜ ಹಾಕಿ

ಡಿಸೆಂಬರಿನಲ್ಲಿ ಕಾಸರಗೋಡಿನ ಯಾವ ಮನೆಗೆ ಹೋದರೂ ನಟ್ಟಿಕಾಯಿ, ಅಂದರೆ ತರಕಾರಿ, ಮಾಡುವ ಮಾತು ಇದ್ದೇ ಇರುತ್ತದೆ. ತುಲಾ ತಿಂಗಳ ಮಳೆ ನಿಂತಿರುತ್ತದೆ. ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಇರುತ್ತದೆ. ಬೆಳಗ್ಗೆ ಸ್ವಲ್ಪ ಚಳಿ, ಅಂಗಳದಲ್ಲಿ ಹರವಿದ ಅಡಿಕೆ, ಎಲ್ಲರಿಗೂ ಹುಮ್ಮಸ್ಸು. ಆಗ ಹತ್ತು ಬಗೆ ಬೀಜ ಹಾಕುವುದು ದೊಡ್ಡ ವಿಷಯವೇ ಅಲ್ಲ. ತಾಪತ್ರಯ ಶುರುವಾಗುವುದು ಮಾರ್ಚ್ ಕೊನೆಗೆ. ಬಳ್ಳಿಯಲ್ಲಿ ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ಬಾವಿಯ ಪಂಪು ಗಾಳಿ ಎಳೆಯುತ್ತದೆ. ಬೀಜದ ಮಾತು ಆಮೇಲೆ, ಮೊದಲು ಬಾವಿಗೆ ಇಣುಕೋಣ.

ಮೊದಲು ನೀರಿನ ಲೆಕ್ಕ

ಕಳೆದ ವರ್ಷ ಏಪ್ರಿಲ್ ಕೊನೆಗೆ ನಿಮ್ಮ ಬಾವಿಯಲ್ಲಿ ಎಷ್ಟು ನೀರಿತ್ತು, ನೆನಪು ಮಾಡಿಕೊಳ್ಳಿ. ಡಿಸೆಂಬರಿನ ನೀರು ನೋಡಿ ಮರುಳಾಗಬೇಡಿ. ಒಂದು ಸೆಂಟ್ ಜಾಗ ಅಂದರೆ ಸುಮಾರು 40 ಚದರ ಮೀಟರ್. ಬೇಸಗೆಯ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಹೋಗುತ್ತದೆ ಎಂದು ಇಟ್ಟುಕೊಂಡರೂ ಒಂದು ಸೆಂಟಿಗೆ 200 ಲೀಟರ್ ಆಯಿತು. ದೊಡ್ಡ ಕೊಡಪಾನದಲ್ಲಿ ಹದಿಮೂರು ಹದಿನಾಲ್ಕು ಕೊಡ. ಪೈಪ್ ಹಿಡಿದು ಎಲ್ಲಾ ಕಡೆ ಹಾರಿಸುವ ಬದಲು ಬುಡಕ್ಕೆ ಮಾತ್ರ ಎರೆದು, ಮೇಲೆ ಸೋಗೆ ಮುಚ್ಚಿದರೆ ಇದಕ್ಕಿಂತ ತುಂಬಾ ಕಡಿಮೆ ನೀರಿನಲ್ಲಿ ಸುಧಾರಿಸಬಹುದು.

ಬಾಯಾರು, ಪೈವಳಿಕೆ, ಪಡ್ರೆ ಕಡೆಯ ಕೆಲವರಿಗೆ ಸುರಂಗದ ನೀರಿದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪಿಲ್ಲದೆ ತಾನಾಗಿಯೇ ನೀರು ಇಳಿದು ಬರುತ್ತದೆ. ಏಪ್ರಿಲಿನಲ್ಲಿ ಆ ಧಾರೆ ತೀರಾ ಸಪೂರವಾದಾಗ ‘ಇದು ಯಾತಕ್ಕೂ ಸಾಲದು’ ಎಂದು ಅನಿಸುತ್ತದೆ. ಒಮ್ಮೆ ಕೊಡ ಇಟ್ಟು ಗಡಿಯಾರ ನೋಡಿ. ಹದಿನೈದು ಲೀಟರಿನ ಕೊಡ ತುಂಬಲು 10 ನಿಮಿಷ ಬೇಕಾದರೂ ದಿನಕ್ಕೆ 2,000 ಲೀಟರ್ ದಾಟುತ್ತದೆ. ನೀರು ಇದೆ, ರಾತ್ರಿಯದ್ದು ಹರಿದು ಹೋಗುತ್ತಿದೆ ಅಷ್ಟೇ. ಅಂಥವರು ಮೊದಲ ಖರ್ಚು ಟ್ಯಾಂಕಿಗೆ ಮಾಡಬೇಕು, ಬೀಜಕ್ಕೆ ಅಲ್ಲ.

ಇನ್ನು ಯಾವ ತರಕಾರಿ ಎಂಬುದನ್ನು ನೀರೇ ಹೇಳುತ್ತದೆ. ಹರಿವೆ, ಬಸಳೆ, ಮುಳ್ಳುಸೌತೆ, ಹೀರೆ ಇವೆಲ್ಲ ದಿನಾ ನೀರು ಕೇಳುತ್ತವೆ. ಬೆಂಡೆ, ಅಲಸಂಡೆ, ಬದನೆ, ಗಾಂಧಾರಿ ಮೆಣಸು ಒಂದು ದಿನ ತಪ್ಪಿದರೂ ಮುಖ ಬಾಡಿಸಿ ಮತ್ತೆ ಎದ್ದು ನಿಲ್ಲುತ್ತವೆ. ಸಾಂಬಾರು ಸೌತೆಗೆ ಕಾಯಿ ಕಟ್ಟುವವರೆಗೆ ನೀರು ಬೇಕು. ಕಾಯಿ ಬಲಿತ ಮೇಲೆ ಕಡಿಮೆ ಮಾಡಿದರೇ ಒಳ್ಳೆಯದು, ಕಾಯಿ ಜಾಸ್ತಿ ದಿನ ಬಾಳುತ್ತದೆ. ಮಾರ್ಚಿನಲ್ಲೇ ಬಾವಿ ತಳ ಕಾಣುವ ಮನೆಯವರು ಸೌತೆ ಬೀಜವನ್ನು ನವೆಂಬರ್ ಕೊನೆಗೇ ಹಾಕಿಬಿಡಿ. ಫೆಬ್ರವರಿಯೊಳಗೆ ಕೊಯ್ದು ಮುಗಿಯುತ್ತದೆ. ಏಪ್ರಿಲ್ ಮಧ್ಯದ ಬಿಸು ಹಬ್ಬದ ಕಣಿಗೆ ಸ್ವಂತ ಸೌತೆಯೇ ಬೇಕೆಂಬ ಆಸೆ ಇದ್ದರೆ ಜನವರಿ ಕೊನೆಗೆ ಎರಡೇ ಎರಡು ಗುಳಿ ಬೇರೆ ಹಾಕಿ. ಎರಡು ಗುಳಿಗೆ ಅಕ್ಕಿ ತೊಳೆದ ನೀರೂ ಪಾತ್ರೆ ತೊಳೆದ ನೀರೂ ಸಾಕಾಗುತ್ತದೆ. ಸೋಪಿನ ನೀರು ಮಾತ್ರ ಬೇಡ.

ಜಾಗ ಮತ್ತು ಮಣ್ಣು

ನಮ್ಮಲ್ಲಿ ಜಾಗ ಇದೆ, ಬಿಸಿಲಿಲ್ಲ. ಸುತ್ತ ಅಡಿಕೆ, ತೆಂಗು. ಅಡಿಕೆ ಮರದ ಎಡೆಯಲ್ಲಿ ಸೌತೆ ಬಳ್ಳಿ ಹಬ್ಬುತ್ತದೆ, ಎಲೆಯೂ ದೊಡ್ಡದಾಗುತ್ತದೆ, ಕಾಯಿ ಮಾತ್ರ ಇಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ ಹುಡುಕಿ. ಕೊಯ್ಲು ಆದ ಗದ್ದೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಗದ್ದೆ ಇಲ್ಲದವರಿಗೆ ಅಂಗಳದ ಬದಿ, ಟೆರೇಸ್. ಟೆರೇಸಿನಲ್ಲಿ ಮಾಡುವವರು ಗ್ರೋ ಬ್ಯಾಗನ್ನು ಬಿಸಿ ಕಾಂಕ್ರೀಟಿನ ಮೇಲೆ ನೇರವಾಗಿ ಇಡಬೇಡಿ. ಎರಡು ಇಟ್ಟಿಗೆ ಅಥವಾ ತೆಂಗಿನ ಸಿಪ್ಪೆ ಅಡಿಗೆ ಇಡಿ, ಇಲ್ಲದಿದ್ದರೆ ಬೇರು ಬೇಯುತ್ತದೆ.

ಮುರಕಲ್ಲಿನ ಕೆಂಪು ಮಣ್ಣು ಹುಳಿ ಮಣ್ಣು. ಸೆಂಟಿಗೆ ಎರಡು ಕಿಲೋದಷ್ಟು ಸುಣ್ಣ ಹಾಕಿ ಅಗೆದು, ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ ಹಾಕಿ. ಸುಣ್ಣ, ಗೊಬ್ಬರ ಒಟ್ಟಿಗೇ ಸುರಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ಅಗೆತದ ಕೆಲಸವನ್ನು ಭೂಮಿತಾಯಿಗೆ ವಿಶ್ರಾಂತಿ ಕೊಡುವ ಕೆಡ್ಡಸ ಹಬ್ಬದ ಮೊದಲು ಮುಗಿಸಿಕೊಳ್ಳಿ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಬರುವ ಆ ದಿನಗಳಲ್ಲಿ ಮಣ್ಣಿಗೆ ಹಾರೆ ಹಾಕಲು ಮನೆಯ ಹಿರಿಯರು ಬಿಡುವುದಿಲ್ಲ, ಕೆಲಸಕ್ಕೆ ಜನವೂ ಸಿಗುವುದಿಲ್ಲ.

ಗ್ರೋ ಬ್ಯಾಗಿಗೆ ಬೇಕಾದ ಕೊಕೊಪೀಟ್, ಪೆರ್ಲೈಟ್ ಅಂತ ದುಡ್ಡು ಸುರಿಯುವ ಮೊದಲು ಸುಡುಮಣ್ಣನ್ನು ನೆನಪಿಸಿಕೊಳ್ಳಿ. ಒಣಗಿದ ಸೊಪ್ಪು, ಕಸಕಡ್ಡಿ, ಕೊತ್ತಳಿಗೆ ತುಂಡು, ಒಣ ಸೆಗಣಿ ಇಷ್ಟನ್ನೂ ಮೊಣಕಾಲೆತ್ತರಕ್ಕೆ ಒಟ್ಟಿ. ಮೇಲೆ ಒಂದು ಪದರ ಮೇಲ್ಮಣ್ಣು ಹೊದೆಸಿ. ಗಾಳಿ ಬರುವ ಬದಿಯಿಂದ ಬೆಂಕಿ ಕೊಡಿ. ಉರಿ ಹೊರಗೆ ಕಾಣಬಾರದು. ಸಂದಿಯಿಂದ ಹೊಗೆ ಮಾತ್ರ ಸುಳಿಯುತ್ತಿರಬೇಕು. ಎಲ್ಲಿ ಜ್ವಾಲೆ ಎದ್ದಿತೋ ಅಲ್ಲಿಗೆ ಒಂದು ಹಾರೆ ಮಣ್ಣು ಹಾಕಿ. ಹೀಗೆ ಒಳಗೊಳಗೇ ಎರಡು ಮೂರು ದಿನ ಹೊಗೆಯಾಡಿ ತಣ್ಣಗಾದ ಮೇಲೆ ಬಿಡಿಸಿ ನೋಡಿದರೆ ಮಣ್ಣು ಕಪ್ಪು ಕೆಂಪು ಬೆರೆತು ಹುಡಿಹುಡಿಯಾಗಿರುತ್ತದೆ. ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟುವುದಿಲ್ಲ, ಬೆರಳಿನ ಎಡೆಯಿಂದ ಉದುರುತ್ತದೆ. ಕಳೆಯ ಬೀಜ, ಬೇರು ತಿನ್ನುವ ಹುಳ ಎಲ್ಲ ಸತ್ತಿರುತ್ತದೆ, ಬೂದಿಯ ಪೊಟ್ಯಾಷ್ ಸೇರಿರುತ್ತದೆ. ಆದರೆ ಸಾರಜನಕ ಸುಟ್ಟು ಹೋಗಿರುತ್ತದೆ. ಹಾಗಾಗಿ ಇದನ್ನೇ ಬರೀ ಹಾಕಿದರೆ ಗಿಡ ಏಳುವುದಿಲ್ಲ. ಒಂದು ಪಾಲು ಸುಡುಮಣ್ಣು, ಒಂದು ಪಾಲು ಒಣಗಿ ಹುಡಿಯಾದ ಹಟ್ಟಿಗೊಬ್ಬರ, ಒಂದು ಪಾಲು ಮಾಮೂಲಿ ಮಣ್ಣು ಸೇರಿಸಿ. ಪಕ್ಕದಲ್ಲಿ ಮುಳಿ ಬೆಳೆದ ಗುಡ್ಡ ಇರುವವರು ಈ ಕೆಲಸವನ್ನು ಹುಲ್ಲು ಒಣಗುವ ಮೊದಲೇ ಮಾಡಿ. ರಾತ್ರಿ ಒಮ್ಮೆ ಎದ್ದು ನೋಡಿ ಬನ್ನಿ.

ಬೀಜ

ಪಂಚಾಯತಿನ ಕೃಷಿಭವನದಲ್ಲಿ ಬೀಜದ ಪೊಟ್ಟಣ ಸಿಗುತ್ತದೆ. ಮೇಲೆ ಮಲಯಾಳದಲ್ಲೇ ಬರೆದಿರುವುದುಂಟು. ಚೀರ ಅಂದರೆ ಹರಿವೆ, ಪಯರ್ ಅಂದರೆ ಅಲಸಂಡೆ, ವೆಳ್ಳರಿ ಸೌತೆ, ಪೀಚಿಲ್ ಹೀರೆ, ಮತ್ತನ್ ಚೀನಿಕಾಯಿ (ಸಿಹಿಕುಂಬಳ). ಇಷ್ಟು ಗೊತ್ತಿದ್ದರೆ ಹೀರೆ ಚಪ್ಪರಕ್ಕೆ ಚೀನಿಕಾಯಿ ಹತ್ತಿಸುವ ಫಜೀತಿ ತಪ್ಪುತ್ತದೆ.

ಸೌತೆ, ಹರಿವೆ, ಬಸಳೆ, ಕುಂಬಳಕ್ಕೆ ಊರಿನ ಬೀಜವೇ ಸಾಕು. ನೆರೆಮನೆಯವರಲ್ಲಿ ಕೇಳಿದರೆ ಆಯಿತು. ಬದನೆ, ಹಸಿಮೆಣಸಿಗೆ ಮಾತ್ರ ತಳಿ ನೋಡಲೇಬೇಕು. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗ ಜಾಸ್ತಿ. ನಿನ್ನೆ ಸಂಜೆ ಚೆನ್ನಾಗಿದ್ದ ಬದನೆ ಗಿಡ ಇವತ್ತು ಹಸಿರಾಗಿರುವಾಗಲೇ ಜೋತುಬಿದ್ದಿದ್ದರೆ ಅದೇ. ಪರೀಕ್ಷೆ ಸುಲಭ. ಬುಡದ ಹತ್ತಿರ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ತುದಿ ಮುಳುಗಿಸಿ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನ ಎಳೆ ಕೆಳಗಿಳಿದರೆ ಬ್ಯಾಕ್ಟೀರಿಯಾದ ಸೊರಗು. ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಿ. ಅದೇ ಗುಳಿಗೆ ಬದನೆ, ಟೊಮೆಟೊ, ಮೆಣಸು ಮತ್ತೆ ಹಾಕಬೇಡಿ, ಅಲಸಂಡೆ ಹಾಕಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಹರಿತ ಬದನೆಯೂ ಉಜ್ವಲ, ಅನುಗ್ರಹ ಮೆಣಸೂ ಈ ರೋಗವನ್ನು ತಡೆಯಲೆಂದೇ ಬಂದ ತಳಿಗಳು. ಬೆಂಡೆಯಲ್ಲಿ ಎಲೆ ಹಳದಿಯಾಗುವ ರೋಗವನ್ನು ತಾಳಿಕೊಳ್ಳುವುದು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ. ಊರಿನ ಬಿಳಿ ಬೆಂಡೆಯ ರುಚಿ ಅದಕ್ಕಿಲ್ಲ, ಅದು ಬೇರೆ ಮಾತು. ಎರಡನ್ನೂ ಹಾಕಿ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಗ್ಗೆ ಹಾಕಿ. ಹಾಗಲದ ಬೀಜದ ಸಿಪ್ಪೆ ದಪ್ಪ, ಅದಕ್ಕೆ ಒಂದು ಇಡೀ ದಿನ ಬೇಕು. ಬಳ್ಳಿ ತರಕಾರಿಗೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಗುಳಿ. ಒಂದು ಗುಳಿಗೆ ನಾಲ್ಕೈದು ಬೀಜ ಹಾಕಿ, ಮೊಳೆತ ಮೇಲೆ ಗಟ್ಟಿಯಾದ ಎರಡು ಮೂರನ್ನು ಉಳಿಸಿ ಉಳಿದದ್ದನ್ನು ಕೀಳಿ. ಇದು ಯಾರಿಗೂ ಮನಸ್ಸು ಬಾರದ ಕೆಲಸ. ಕೀಳದಿದ್ದರೆ ಐದೂ ಸೇರಿ ಎರಡರಷ್ಟು ಕಾಯಿ ಕೊಡುವುದಿಲ್ಲ.

ಹರಿವೆ ಬಿತ್ತಿದ ಮರುದಿನ ಇರುವೆ ಸಾಲು ಬೀಜ ಹೊತ್ತುಕೊಂಡು ಹೊರಡುತ್ತದೆ. ಬೀಜಕ್ಕೆ ಸ್ವಲ್ಪ ಸಣ್ಣ ರವೆ ಬೆರೆಸಿ ಬಿತ್ತಿ. ಇರುವೆಗೆ ರವೆ ಸಿಕ್ಕಿದರೆ ಬೀಜ ಬೇಡ. ಜೊತೆಗೆ ಬೀಜ ಒಂದೇ ಕಡೆ ದಟ್ಟವಾಗಿ ಬೀಳುವುದೂ ತಪ್ಪುತ್ತದೆ.

ದಿನದ ಕೆಲಸ

ಬೆಳಗ್ಗೆ ಬಿಸಿಲೇರುವ ಮೊದಲು ನೀರು. ಸಂಜೆ ಎರೆಯುವುದಾದರೆ ಬುಡಕ್ಕೆ ಮಾತ್ರ, ರಾತ್ರಿಯಿಡೀ ಎಲೆ ಒದ್ದೆಯಾಗಿರಬಾರದು. ಗುಳಿಯ ಸುತ್ತ ಅಡಿಕೆ ಸೋಗೆ, ತರಗೆಲೆ ಮುಚ್ಚಿ. ಒಂದೇ ಎಚ್ಚರಿಕೆ, ತೀರಾ ಒಣಗಿದ ಸೋಗೆಗೆ ಒರಲೆ ಹತ್ತುತ್ತದೆ. ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಮುಚ್ಚಿ, ವಾರಕ್ಕೊಮ್ಮೆ ಎತ್ತಿ ನೋಡಿ.

ಗೊಬ್ಬರಕ್ಕೆ ಕಡಲೆಹಿಂಡಿ, ಬೇವಿನ ಹಿಂಡಿ, ಹಸಿ ಸೆಗಣಿ ತಲಾ ಒಂದು ಕಿಲೋ ಹತ್ತು ಲೀಟರ್ ನೀರಿನಲ್ಲಿ ಕಲಸಿ ಐದು ದಿನ ಮುಚ್ಚಿಡಿ. ದಿನಾ ಒಮ್ಮೆ ಕದಡಿ. ಆಮೇಲೆ ಒಂದಕ್ಕೆ ಹತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ ಬುಡಕ್ಕೆ ಎರೆಯಿರಿ. ವಾಸನೆ ಭಯಂಕರ. ನೆಂಟರು ಬರುವ ದಿನ ಬಿಟ್ಟು ಎರೆಯಿರಿ.

ಹೂ ಉದುರಿದರೆ ಗಾಬರಿ ಬೇಡ

ಸೌತೆ, ಹಾಗಲ, ಚೀನಿಕಾಯಿ ಹಾಕಿದ ಹೊಸಬರ ಮೊದಲ ದೂರು, ‘ಹೂವೆಲ್ಲ ಉದುರುತ್ತಿದೆ’. ಉದುರಲಿ ಬಿಡಿ. ಮೊದಲು ಬರುವುದೆಲ್ಲ ಗಂಡು ಹೂ, ಅದು ಉದುರಬೇಕಾದ್ದೇ. ಹೆಣ್ಣು ಹೂ ತಡವಾಗಿ ಬರುತ್ತದೆ. ಗುರುತು ಹಿಡಿಯುವುದು ಕಷ್ಟವಿಲ್ಲ, ಹೂವಿನ ಹಿಂದೆ ಬೆರಳಿನ ತುದಿಯಷ್ಟು ಪುಟ್ಟ ಕಾಯಿ ಇರುತ್ತದೆ. ಗಂಡಿಗೆ ಬರೀ ತೊಟ್ಟು.

ಹೆಣ್ಣು ಹೂ ಅರಳಿಯೂ ಪುಟ್ಟ ಕಾಯಿ ಹಳದಿಯಾಗಿ ಬಿದ್ದರೆ ಜೇನು ಬರುತ್ತಿಲ್ಲ ಎಂದರ್ಥ. ಆಗ ನೀವೇ ಜೇನಿನ ಕೆಲಸ ಮಾಡಬೇಕು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ತಾಗಿಸಿ. ಸೌತೆ, ಹಾಗಲ, ಚೀನಿಕಾಯಿಗೆ ಇದನ್ನು ಬೆಳಗ್ಗೆ ಬೇಗ ಮಾಡಬೇಕು, ಬಿಸಿಲೇರಿದರೆ ಹೂ ಮುದುಡುತ್ತದೆ. ಹೀರೆ, ಸೋರೆ ಅರಳುವುದೇ ಸಂಜೆ, ಪಡುವಲ ಕತ್ತಲಾದ ಮೇಲೆ. ಟಾರ್ಚ್ ಹಿಡಿದು ಚಪ್ಪರದಡಿ ನಿಂತವರನ್ನು ಕಂಡು ನಗಬೇಡಿ. ಪಡುವಲದ ಹೂವಿನ ಜಾಲರಿ ಆ ಹೊತ್ತಿನಲ್ಲೇ ನೋಡಬೇಕು. ಎಸಳಿನ ಅಂಚಿನಿಂದ ಬಿಳಿ ನೂಲು ಬಿಚ್ಚಿ ಸುತ್ತಲೂ ಹರಡಿರುತ್ತದೆ, ಬೆಳಗಾದರೆ ಸುರುಟಿ ಹೋಗಿರುತ್ತದೆ.

ಹುಳ, ನೊಣ, ನವಿಲು

ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2000ದ ಕೊನೆಯವರೆಗೂ ಅದು ನಡೆಯಿತು, ದೇಶದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮನೆಯ ಹಿತ್ತಿಲಿಗೆ ವಿಷದ ಬಾಟ್ಲಿ ಯಾಕೆ ಬೇಡ ಎಂದು ಆ ವಿಷದಿಂದ ನರಳಿದ ಎಣ್ಮಕಜೆಯವರಿಗೆ ನಾನು ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗೆ ಇಷ್ಟು ಸಾಕು.

ಬೇಸಗೆಯ ದೊಡ್ಡ ಶತ್ರು ಹಣ್ಣುನೊಣ. ಕಣಜದಂತೆ ಕಾಣುವ ಸಣ್ಣ ಕಂದು ನೊಣ ಎಳೆಯ ಹಾಗಲ, ಸೌತೆ, ಪಡುವಲಕ್ಕೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ ಗಟ್ಟಿಯಾಗುತ್ತದೆ, ಕಾಯಿ ಸೊಟ್ಟಗಾಗುತ್ತದೆ, ಒಂದು ಬದಿಯಿಂದ ಹಳದಿಯಾಗುತ್ತದೆ. ಸೀಳಿದರೆ ಬಿಳಿ ಹುಳ ಪಟಪಟ ಹಾರುತ್ತದೆ. ಆಮೇಲೆ ಏನು ಸಿಂಪಡಿಸಿದರೂ ಪ್ರಯೋಜನವಿಲ್ಲ, ಹುಳ ಒಳಗಿದೆ. ಮೊದಲೇ ತಡೆಯಬೇಕು. ಹೂ ಬಾಡಿದ ಕೂಡಲೇ ಹಾಗಲ, ಪಡುವಲದ ಎಳೆಗಾಯಿಗೆ ಪೇಪರಿನ ತೊಟ್ಟೆ ಹಾಕಿ ಬಾಯಿ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವತು ಕೊಳೆಯುತ್ತದೆ. ನೆಲದಲ್ಲಿ ಹಬ್ಬಿದ ಸೌತೆಗಾಯಿಯನ್ನು ಒಣ ಸೋಗೆಯಲ್ಲಿ ಮುಚ್ಚಿದರೆ ನಡೆಯುತ್ತದೆ.

ಜೊತೆಗೆ ಗೆರಟೆಯಲ್ಲಿ ಕಳಿತ ಬಾಳೆಹಣ್ಣು ಹಿಸುಕಿ, ಬೆಲ್ಲದ ನೀರು ಸೇರಿಸಿ ಚಪ್ಪರದಲ್ಲಿ ಅಲ್ಲಲ್ಲಿ ನೇತುಹಾಕಿ. ನೊಣ ಬಂದು ಮುಳುಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ. ವಾಸನೆಯಿಂದ ನೊಣವನ್ನು ಸೆಳೆಯುವ ಅಂಗಡಿಯ ಮೋಹಕ ಬಲೆ ತರುವುದಾದರೆ ಯಾವ ಬೆಳೆಗೆ ಎಂದು ಹೇಳಿ ತನ್ನಿ. ಸೌತೆ, ಹಾಗಲದ ನೊಣಕ್ಕೆ ಕ್ಯೂ ಲ್ಯೂರ್, ಮಾವಿನ ನೊಣಕ್ಕೆ ಮಿಥೈಲ್ ಯುಜೆನಾಲ್. ಒಂದರದ್ದು ಇನ್ನೊಂದಕ್ಕೆ ಬೀಳುವುದಿಲ್ಲ. ಬಲೆ ಹಾಕಿಯೂ ನೊಣ ಕಡಿಮೆಯಾಗಲಿಲ್ಲ ಎನ್ನುವವರು ಮೊದಲು ಇದನ್ನು ನೋಡಿ. ಎಲ್ಲಕ್ಕಿಂತ ಮುಖ್ಯ, ಕೆಟ್ಟು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಬಿಸಾಡಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಬಾಲ್ದಿ ನೀರಿನಲ್ಲಿ ಮುಳುಗಿಸಿಡಿ, ಅಥವಾ ತೊಟ್ಟೆಯಲ್ಲಿ ಗಟ್ಟಿ ಕಟ್ಟಿ ಬಿಸಿಲಿಗಿಡಿ.

ಅಲಸಂಡೆಯ ತುದಿಗೆ ಕಪ್ಪು ಹೇನು ಹತ್ತಿದರೆ, ಬೆಳಗ್ಗೆ ಇಬ್ಬನಿ ಇರುವಾಗ ಒಲೆಯ ಬೂದಿ ಉದುರಿಸಿ. ಕೇಳದಿದ್ದರೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಜಜ್ಜಿ ಹಿಂಡಿದ ರಸ, 5 ಗ್ರಾಂ ಬಾರ್ ಸೋಪು. ಸೋಪನ್ನು ಮೊದಲು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕಲಕಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ.

ಕೆಂಪು ಹರಿವೆಯಲ್ಲಿ ಬಿಳಿ ಬಿಳಿ ಚುಕ್ಕೆ ಬಂದು ಎಲೆ ತೂತಾಗುವುದು ಶಿಲೀಂಧ್ರದ ಕಿತಾಪತಿ. ಎಲೆಯ ಮೇಲೆ ನೀರು ಹಾರಿಸುವುದನ್ನು ನಿಲ್ಲಿಸಿದರೆ ಅರ್ಧ ಕಡಿಮೆಯಾಗುತ್ತದೆ. ಹಸಿರು ಹರಿವೆಗೆ ಈ ರೋಗ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಎರಡನ್ನೂ ಬೆರೆಸಿ ಬಿತ್ತಿದರೆ ಒಂದರಿಂದ ಒಂದಕ್ಕೆ ಹರಡುವುದು ನಿಧಾನವಾಗುತ್ತದೆ.

ಇಷ್ಟೆಲ್ಲ ಮಾಡಿ ನಿಟ್ಟುಸಿರು ಬಿಡುವಾಗ ನವಿಲು ಬರುತ್ತದೆ. ಮೊದಲೆಲ್ಲ ನವಿಲು ನೋಡಲು ಮಕ್ಕಳನ್ನು ಕರೆಯುತ್ತಿದ್ದೆವು, ಈಗ ಓಡಿಸಲು ಕರೆಯುತ್ತೇವೆ. ಎಳೆ ಸಸಿ, ಅಲಸಂಡೆ ಕೋಡು, ಮೆಣಸು, ಯಾವುದೂ ಆಗಬಹುದು. ಅದಕ್ಕೆ ತೊಂದರೆ ಕೊಡುವಂತಿಲ್ಲ, ಕಾನೂನಿದೆ. ಕಡಲ ಬದಿಯಿಂದ ಹಳೆ ಮೀನುಬಲೆ ತಂದು ಸುತ್ತಲೂ, ಸಾಧ್ಯವಾದರೆ ಮೇಲೂ ಕಟ್ಟಿ. ಬಲೆ ಬಿಗಿಯಾಗಿರಲಿ. ಸಡಿಲವಿದ್ದರೆ ಹಾವು, ಹಕ್ಕಿ ಸಿಕ್ಕಿಹಾಕಿಕೊಳ್ಳುತ್ತದೆ. ಮಂಗ, ಹಂದಿಗೆ ಈ ಬಲೆ ಲೆಕ್ಕಕ್ಕಿಲ್ಲ. ಅವು ಬರುವ ಕಡೆ ತರಕಾರಿಯನ್ನು ಮನೆಯ ಗೋಡೆಗೆ ತಾಗಿದಂತೆಯೇ ಮಾಡಬೇಕು, ನಾಯಿಯೂ ಬೇಕು.

ಕೊಯ್ಲು

ಹರಿವೆ ತಿಂಗಳೊಳಗೆ ತಟ್ಟೆಗೆ ಬರುತ್ತದೆ. ಬೆಂಡೆ, ಅಲಸಂಡೆಗೆ ಒಂದೂವರೆ ತಿಂಗಳು, ಸೌತೆಗೆ ಎರಡು ತಿಂಗಳು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು. ಎಷ್ಟು ಹುಡುಕಿದರೂ ಎಲೆಯ ಮರೆಯಲ್ಲಿ ಒಂದು ಉಳಿದಿರುತ್ತದೆ, ಮೂರನೇ ದಿನಕ್ಕೆ ನಾರಾಗಿರುತ್ತದೆ. ಅದನ್ನು ಬೀಜಕ್ಕೆ ಬಿಡಿ.

ಎಲ್ಲರ ಮನೆಯಲ್ಲೂ ಒಂದೇ ಸಲ ಸೌತೆ ಆಗುವುದು ಇನ್ನೊಂದು ತಮಾಷೆ. ಕೊಡಲು ಹೊರಟರೆ ಅವರೂ ಎರಡು ಸೌತೆ ಹಿಡಿದು ಎದುರಾಗುತ್ತಾರೆ. ಹಲಸಿನ ಬೇಳೆ ಹಾಕಿದ ಕೊದಿಲು, ಸೌತೆಕಾಯಿ ದೋಸೆ, ತಿರುಳಿನ ತಂಬುಳಿ, ಸಿಪ್ಪೆಯ ಚಟ್ನಿ ಎಲ್ಲ ಆದ ಮೇಲೂ ಉಳಿದದ್ದನ್ನು ಮಳೆಗಾಲಕ್ಕೆ ಇಡಿ. ಪೂರ್ತಿ ಹಳದಿಯಾದ, ಎಲ್ಲೂ ತರಚದ ಕಾಯಿಯನ್ನು ತೊಟ್ಟು ಸಮೇತ ಕತ್ತರಿಸಿ. ತೊಳೆಯಬೇಡಿ, ಬಟ್ಟೆಯಲ್ಲಿ ಒರೆಸಿ. ಬಾಳೆ ನಾರನ್ನು ಒದ್ದೆ ಮಾಡಿ ಮೆದುವಾಗಿಸಿ, ಕಾಯಿಯ ಎರಡು ತುದಿಗೂ ಕುಣಿಕೆ ಹಾಕಿ, ಅಡುಗೆಮನೆಯ ಪಕ್ಕಾಸಿಗೆ ಸಾಲಾಗಿ ನೇತುಹಾಕಿ. ಒಂದಕ್ಕೊಂದು ತಾಗಬಾರದು, ಗೋಡೆಗೂ ತಾಗಬಾರದು. ಕಾಂಕ್ರೀಟ್ ಮನೆಯವರು ಕಿಟಕಿಯ ಸರಳಿಗೆ ಕಟ್ಟಿದರೂ ಆದೀತು, ಗಾಳಿ ಆಡಿದರೆ ಸರಿ. ಆಟಿ ತಿಂಗಳ ಮಳೆಯಲ್ಲಿ ಪೇಟೆಗೆ ಹೋಗದೆ ಸಾಂಬಾರು ಆಗುತ್ತದೆ. ವಾರಕ್ಕೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಮೊದಲು ತೆಗೆಯಿರಿ.

ಬೀಜ ತೆಗೆದಿಡಲು ಬಳ್ಳಿಯ ಕೊನೆಯ ಕಾಯಿ ಬೇಡ. ರೋಗವಿಲ್ಲದ ಬಳ್ಳಿಯ ಎರಡನೇ ಮೂರನೇ ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡಿ. ಸೌತೆಯ ತಿರುಳನ್ನು ಒಂದು ರಾತ್ರಿ ಪಾತ್ರೆಯಲ್ಲಿಟ್ಟು ಮರುದಿನ ತೊಳೆದರೆ ಲೋಳೆ ಸುಲಭವಾಗಿ ಬಿಡುತ್ತದೆ. ತೇಲುವ ಬೀಜ ಚೆಲ್ಲಿ, ಮುಳುಗಿದ್ದಕ್ಕೆ ಬೂದಿ ಬೆರೆಸಿ ನೆರಳಿನಲ್ಲಿ ಒಣಗಿಸಿ. ಬೆಂಡೆ ಕೋಡು ಗಿಡದಲ್ಲೇ ಒಣಗಿ ಬಿರಿಯಬೇಕು. ಅಲಸಂಡೆ ಬೀಜಕ್ಕೆ ಹುಳ ಬೇಗ ಬರುತ್ತದೆ, ನಾಲ್ಕು ಹನಿ ಹರಳೆಣ್ಣೆ ಸವರಿ ಗಾಜಿನ ಬಾಟ್ಲಿಗೆ ಹಾಕಿ ಗಟ್ಟಿ ಮುಚ್ಚಿ, ಮೇಲೆ ತಿಂಗಳು ಬರೆದಿಡಿ. ಮಳೆಗಾಲದಲ್ಲಿ ಸುಮ್ನೆ ತೆರೆದು ನೋಡಬೇಡಿ, ತೇವ ಒಳಗೆ ಹೋಗುತ್ತದೆ. ನೋಡಲೇಬೇಕಿದ್ದರೆ ಸೆಪ್ಟೆಂಬರಿನಲ್ಲಿ ಒಳ್ಳೆಯ ಬಿಸಿಲು ಬಂದ ದಿನ ಒಮ್ಮೆ ಒಣಗಿಸಿ, ತಣಿದ ಮೇಲೆ ಮತ್ತೆ ತುಂಬಿಸಿಡಿ.